ಕನ್ನಡಿಗೆ ಸಿಗದ ಮಾತು

ಫೆಬ್ರವರಿ 11

ಅಕ್ಕ ಇವತ್ತು ಆಸ್ಪತ್ರೆಯಿಂದ ಬಂದಳು. ಮನೆ ಮತ್ತೆ ಮನೆಯ ಹಾಗಾಯಿತು, ಅಂದರೆ ಎಲ್ಲಿ ಏನಿಟ್ಟರೂ ತಪ್ಪು.

ಈ ಡೈರಿಗೆ ನಮ್ಮ ಪರಿಚಯವಿಲ್ಲ, ಹೇಳಿಬಿಡುತ್ತೇನೆ. ನಾವಿಬ್ಬರು ಅಕ್ಕತಂಗಿಯರು. ಕೆಳಗೆ ನಮ್ಮ ಪಾರ್ಲರು, ಮೇಲೆ ನಮ್ಮ ಮನೆ. ಭಾವ ತೀರಿಕೊಂಡು ಎಷ್ಟೋ ಕಾಲವಾಯಿತು. ನಾನು ಮದುವೆಯಾಗಲಿಲ್ಲ. ಗಂಡ, ಅತ್ತೆ, ನಾದಿನಿ ಮೂವರೂ ಅಕ್ಕನ ರೂಪದಲ್ಲಿ ಮನೆಯಲ್ಲೇ ಇರುವಾಗ ಇನ್ನೊಬ್ಬರು ಯಾಕೆ? ಪಾರ್ಲರಿನಲ್ಲಿ ಕತ್ತರಿ ನನ್ನದು, ಬಾಯಿ ಅವಳದು. ಯಾರಿಗೆ ಯಾವ ಕಟ್ ಒಪ್ಪುತ್ತದೆ, ಯಾವ ಬಣ್ಣ ಎಷ್ಟು ತರಿಸಬೇಕು, ಯಾರನ್ನು ಕಾಯಿಸಬೇಕು, ಎಲ್ಲ ಅವಳ ತೀರ್ಮಾನ.

ನನ್ನ ಕಿವಿ ಚಿಕ್ಕ ವಯಸ್ಸಿನಿಂದಲೇ ಒಂದೊಂದಾಗಿ ಕೈಕೊಡುತ್ತ ಬಂತು. ಈಗ ಎರಡಕ್ಕೂ ಮೆಷಿನ್ ಹಾಕಿದರೂ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಆದರೂ ಕೆಲಸ ನಿಂತಿಲ್ಲ, ಯಾಕೆಂದರೆ ನಾನು ಗಿರಾಕಿಯ ಹಿಂದೆ ನಿಂತು ಕನ್ನಡಿಯಲ್ಲಿ ಅವರ ತುಟಿ ನೋಡುತ್ತೇನೆ. ಎಷ್ಟು ರೂಢಿಯೆಂದರೆ, ಎದುರಿಗೆ ನಿಂತು ಮಾತಾಡಿದರೆ ಅರ್ಧ ತಿಳಿಯುತ್ತದೆ, ಕನ್ನಡಿಯಲ್ಲಾದರೆ ಪೂರಾ. ಊಟದ ಮೇಜಿನ ಮುಂದಿನ ಗೋಡೆಗೂ ಅಕ್ಕ ದೊಡ್ಡದೊಂದು ಕನ್ನಡಿ ಹೊಡೆಸಿದ್ದಾಳೆ. ನಾವು ಜಗಳವಾಡುವುದೂ ಅದರಲ್ಲೇ, ಇಬ್ಬರೂ ಗೋಡೆಯ ಕಡೆ ಮುಖ ಮಾಡಿಕೊಂಡು.

ಈಗ ಲಕ್ವ ಹೊಡೆದು ಅಕ್ಕನ ಬಲಗೈ ಮಡಿಲಲ್ಲಿ ಬಿದ್ದಿದೆ. ಬಾಯಿ ಎಡಕ್ಕೆ ಎಳೆದುಕೊಂಡಿದೆ. ನಡೆಯುತ್ತಾಳೆ, ಉಣ್ಣುತ್ತಾಳೆ, ಬುದ್ಧಿ ಚುರುಕಾಗಿಯೇ ಇದೆ. ಮಾತು ಸ್ವಲ್ಪ ತೊದಲುತ್ತದಂತೆ, ಅಷ್ಟೇ. ನೋಡಲು ಬಂದವರಿಗೆಲ್ಲ ಅರ್ಥವಾಯಿತು. ನನಗೊಬ್ಬಳಿಗೆ ಇಲ್ಲ. ಆ ತುಟಿ ಮೊದಲಿನ ಒಂದು ಆಕಾರವನ್ನೂ ಮಾಡುವುದಿಲ್ಲ.

ಒಂದು ಲೆಕ್ಕದಲ್ಲಿ ನೆಮ್ಮದಿ. ಬೈಯುತ್ತಿದ್ದಾಳೆ ಅನ್ನುವುದು ಮಾತ್ರ ಗೊತ್ತು, ಏನಂತ ಬೈಯುತ್ತಿದ್ದಾಳೆ ಅನ್ನುವುದು ಗೊತ್ತಿಲ್ಲ.

ಫೆಬ್ರವರಿ 15

ಶ್ಯಾಂಪೂ ಕಂಪನಿಯವನು ಬಂದಿದ್ದ. ಯಾವುದು ಬೇಕು ಅಂತ ಕೇಳಿದ. ಎರಡು ಬಾಟಲಿ ಹಿಡಿದುಕೊಂಡು ಮೇಲೆ ಹೋಗಿ ಅಕ್ಕನ ಮುಂದಿಟ್ಟೆ. ಅವಳು ಏನೋ ಹೇಳಿದಳು. ಕನ್ನಡಿ ಹತ್ತಿರ ಕರೆದುಕೊಂಡು ಹೋದೆ, ಮತ್ತೆ ಹೇಳಿದಳು. ಒಂದಕ್ಷರ ತಿಳಿಯಲಿಲ್ಲ. ಎಡಗೈಯಲ್ಲಿ ಪೆನ್ಸಿಲು ಕೊಟ್ಟೆ. ಕೋಳಿ ಕೆದರಿದ ಹಾಗೆ ಎರಡು ಗೆರೆ ಎಳೆದು, ಅದನ್ನು ತಾನೇ ನೋಡಿಕೊಂಡು, ಪೆನ್ಸಿಲನ್ನು ಕಿಟಕಿಯಾಚೆ ಎಸೆದಳು. ಮಾತನ್ನು ಅಕ್ಷರ ಮಾಡುವ ವಿದ್ಯೆ ನನ್ನ ಮೊಬೈಲಿಗೆ ಗೊತ್ತು. ಅಕ್ಕನ ಈಗಿನ ಮಾತಿಗೆ ಅದೂ ಕೈಚೆಲ್ಲಿತು.

ಕಂಪನಿಯವನಿಗೆ, ಅಕ್ಕ ಹುಷಾರಾದ ಮೇಲೆ ಬಾ ಅಂದೆ. ಅವನು ಹೋದ ಮೇಲೆ ನೋಡುತ್ತೇನೆ, ಇದ್ದ ಶ್ಯಾಂಪೂ ತಳ ಕಂಡಿದೆ.

ಫೆಬ್ರವರಿ 26

ಸಂಜೆ ಪಾರ್ಲರಿನ ಬಾಗಿಲು ಅರ್ಧ ಎಳೆದು, ಅಕ್ಕನನ್ನು ಕೆಳಗಿಳಿಸಿ, ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ ತಲೆ ಬಾಚುತ್ತೇನೆ. ಮೇಲೆ ಮಲಗಿ ಮಲಗಿ ಕೂದಲು ಸಿಕ್ಕುಗಟ್ಟಿದೆ. ಬಾಚಣಿಗೆ ಇಟ್ಟ ಕೂಡಲೇ ಅವಳ ಮಾತು ಶುರು. ನಿಲ್ಲಿಸುವುದೇ ಇಲ್ಲ. ಕನ್ನಡಿಯಲ್ಲಿ ಆ ಸೊಟ್ಟ ಬಾಯಿ ಆಡುತ್ತಲೇ ಇರುತ್ತದೆ. ನನ್ನ ಕಿವಿಗೆ ಬೀಳುವುದು ಗುಡುಗುಡು ಅನ್ನುವ ಒಂದು ಸದ್ದು. ಅಕ್ಕನದು ಅನ್ನುವುದು ಗೊತ್ತಾಗುತ್ತದೆ, ಪಕ್ಕದ ಕೋಣೆಯಲ್ಲಿ ಮೇಜು ಎಳೆದ ಹಾಗೆ. ನಾನು ತಲೆಯಾಡಿಸುತ್ತ ಬಾಚುತ್ತೇನೆ. ಕೋಣನ ಮುಂದೆ ಕಿನ್ನರಿ, ಮತ್ತೇನು. ನಡುವೆ ಬೈಗುಳವಿದ್ದರೂ ಇರಬಹುದು ಅಂತ ಆಗಾಗ ಮುಖ ಸ್ವಲ್ಪ ಪೆಚ್ಚು ಮಾಡಿಕೊಳ್ಳುತ್ತೇನೆ.

ಇವತ್ತು ಟೀಚರಮ್ಮ ಬಿಟ್ಟುಹೋಗಿದ್ದ ಕೊಡೆ ತೆಗೆದುಕೊಳ್ಳಲು ಬಂದರು. ನಿವೃತ್ತ ಮೇಷ್ಟರಮ್ಮ, ನಮ್ಮ ಹಳೇ ಗಿರಾಕಿ. ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುವುದು ನಮಗೆ ಮೂವರಿಗೆ ಬಿಟ್ಟು ಯಾರಿಗೂ ತಿಳಿಯದು ಅಂದುಕೊಂಡಿದ್ದಾರೆ. ಬಾಗಿಲಲ್ಲೇ ನಿಂತು ಅಕ್ಕನ ಮಾತು ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಅಕ್ಕನನ್ನು ಮೇಲೆ ಬಿಟ್ಟು ಬಂದು ಕೇಳಿದೆ, “ಏನು ಹೇಳ್ತಿದ್ಲು?”

ಟೀಚರಮ್ಮ ಕನ್ನಡಿಯಲ್ಲಿ ನನ್ನನ್ನೇ ನೋಡಿ ಬಿಡಿಸಿ ಬಿಡಿಸಿ ಹೇಳಿದರು, “ನಾನ್ಯಾಕೆ ಹೇಳ್ಲಿ? ನಾನೇನು ಅಂಚೆಯವಳಾ? ನಿಮ್ಮಕ್ಕ ನಿಮಗೆ ಹೇಳಿದ್ದು, ನೀವೇ ಕೇಳ್ಕೊಳ್ಳಿ.”

“ಕಿವುಡಿಗೆ ಕೇಳ್ಕೋ ಅಂತೀರಲ್ಲ, ಒಳ್ಳೆ ಪಾಠ ಹೇಳ್ದೋರು!”

“ಕಿವಿ ತೋರಿಸ್ಕೊಂಡು ಎಷ್ಟು ವರ್ಷ ಆಯ್ತು? ಮೊದಲು ಹೋಗಿ ತೋರಿಸಿ,” ಅಂದು ಹೊರಟೇಬಿಟ್ಟರು. ಕೊಡೆ ಇವತ್ತೂ ಇಲ್ಲೇ ಇದೆ.

ಮಾರ್ಚ್ 6

ಕಿವಿ ಡಾಕ್ಟರಮ್ಮ ಒಳ್ಳೆಯವರು, ನಿಧಾನಕ್ಕೆ ಮಾತಾಡುತ್ತಾರೆ. ಆದರೆ ಅವರ ಕೋಣೆಯಲ್ಲಿ ಒಂದು ಕನ್ನಡಿಯಿಲ್ಲ. ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ನನ್ನ ಕುರ್ಚಿ ತಿರುಗಿಸಿ ಅವರಿಗೆ ಬೆನ್ನು ಹಾಕಿ ಕುಳಿತು, ಚೀಲದಿಂದ ಕೈಗನ್ನಡಿ ತೆಗೆದು ಹಿಡಿದುಕೊಂಡೆ. “ಈಗ ಹೇಳಿ ಡಾಕ್ಟ್ರೇ,” ಅಂದೆ. ಅವರು ಮೂಗಿನ ಮೇಲೆ ಬೆರಳಿಟ್ಟುಕೊಂಡದ್ದು ಕನ್ನಡಿಯಲ್ಲಿ ಚೆನ್ನಾಗಿ ಕಾಣಿಸಿತು.

ಹೇಳಿದ್ದು ಇಷ್ಟು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯೊಂದಿದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು ಸಾಲಾಗಿ ನಿಂತಿರುತ್ತವೆ. ಸದ್ದು ಬಂದಾಗ ಅವು ಅಲುಗಿ ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ನನ್ನವು ಹೆಚ್ಚುಕಡಿಮೆ ಎಲ್ಲ ಹೋಗಿವೆ.

“ಮತ್ತೆ ಬೆಳೆಯಲ್ವಾ?” ಅಂತ ಕೇಳಿದೆ.

“ಇಲ್ಲ. ಅವು ಹೋದ್ರೆ ಹೋದ್ವು.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರವರ ತಲೆಗೂದಲು ಉದುರದ ಹಾಗೆ ಬುದ್ಧಿ ಹೇಳುತ್ತ ಬಂದವಳು ನಾನು, ಒಳಗೊಳಗೇ ಬೋಳಾಗಿದ್ದೇನೆ.

ಈಗಿನ ಮೆಷಿನ್ ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಸುದ್ದಿ ಮುಟ್ಟಿಸುವವರೇ ಇಲ್ಲದ ಮೇಲೆ ಎಷ್ಟು ಕೂಗಿದರೇನು? ಅದಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಅನ್ನುವ ಬೇರೆ ದಾರಿಯಿದೆಯಂತೆ. ಆಪರೇಷನ್ ಮಾಡಿ ಕಿವಿಯ ಹಿಂದೆ ಚರ್ಮದ ಕೆಳಗೆ ಒಂದು ಬಿಲ್ಲೆ ಇಡುತ್ತಾರೆ. ಅದರಿಂದ ಒಂದು ಸಣ್ಣ ಎಳೆಯನ್ನು ಆ ಸುರುಳಿಯೊಳಗೆ ತೂರಿಸುತ್ತಾರೆ. ಹೊರಗೆ ಕಿವಿಯ ಮೇಲೆ ಒಂದು ಯಂತ್ರ, ಅದಕ್ಕೊಂದು ಪುಟ್ಟ ತಂತಿ, ತುದಿಯಲ್ಲಿ ಆಯಸ್ಕಾಂತವಿರುವ ಗುಂಡಿ. ಅದು ತಲೆಗೆ ಅಂಟಿಕೊಂಡಿರುತ್ತದೆ. ಹೊರಗಿನದು ಸದ್ದು ಹಿಡಿದು ಒಳಗಿನದಕ್ಕೆ ಕೊಡುತ್ತದೆ, ಒಳಗಿನದು ಹಾಳಾದ ಕೂದಲನ್ನೆಲ್ಲ ಬಿಟ್ಟು ನೇರ ನರಕ್ಕೇ ತಟ್ಟುತ್ತದೆ.

“ಕನ್ನಡಕದ ಹಾಗೆ ಹಾಕಿದ ತಕ್ಷಣ ಸರಿ ಹೋಗೋದಲ್ಲ,” ಅಂದರು. “ಮೆದುಳು ಹೊಸದಾಗಿ ಕಲೀಬೇಕು. ಕೆಲವರಿಗೆ ಬೇಗ ಬರತ್ತೆ, ಕೆಲವರಿಗೆ ನಿಧಾನ, ಕೆಲವರಿಗೆ ಅಷ್ಟಕ್ಕಷ್ಟೇ. ಇನ್ನೊಂದು ಮಾತು. ಆ ಕಿವೀಲಿ ಈಗ ಉಳಿದಿರೋ ಅಲ್ಪಸ್ವಲ್ಪ ಕೇಳೋ ಶಕ್ತಿ ಆಪರೇಷನ್‌ನಲ್ಲಿ ಹೋಗಿಬಿಡಬಹುದು. ಯೋಚನೆ ಮಾಡಿ.”

ಖರ್ಚನ್ನೂ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಡೈರಿಯಾದರೂ ನೆಮ್ಮದಿಯಾಗಿರಲಿ.

ಮಾರ್ಚ್ 7

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು. ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಬಿಡಲೇ ಇಲ್ಲ. ಲಕ್ವ ಹೊಡೆದ ಮೇಲೆ ಎಡಗೈಗೆ ಎರಡೂ ಕೈಯ ಬಲ ಬಂದಿದೆ. ನನ್ನ ತಲೆ ಮುಟ್ಟಿ, ಕತ್ತರಿಸುವ ಹಾಗೆ ಬೆರಳಾಡಿಸಿ, ಬೇಡ ಬೇಡ ಅಂತ ಕೈಯಾಡಿಸಿದಳು. ಕಣ್ಣಲ್ಲಿ ನೀರು ಬೇರೆ. ತನ್ನನ್ನು ಕೇಳದೆ ನಾನು ಡಾಕ್ಟರ ಹತ್ತಿರ ಹೋಗಿಬಂದೆನಲ್ಲ, ಆ ಸಿಟ್ಟು. ಐವತ್ತು ದಾಟಿದರೂ ಈ ಮನೆಯಲ್ಲಿ ನನಗೆ ನನ್ನ ಕಿವಿಯ ಮೇಲೂ ಹಕ್ಕಿಲ್ಲ.

ಮಾರ್ಚ್ 21

ಪರೀಕ್ಷೆಗಳು. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ನನ್ನ ಮೆಷಿನ್ ಹಾಕಿಸಿಯೇ ವಾಕ್ಯಗಳನ್ನು ಕೇಳಿಸಿದರು. ತುಟಿ ಇಲ್ಲ, ಮುಖ ಇಲ್ಲ, ಬರೀ ಸದ್ದು. ಗುಡುಗುಡು, ಗುಡುಗುಡು. ತಿಳಿದದ್ದು ಹೇಳಿ ಅಂದರು. ಏನು ಹೇಳುವುದು, ಮಣ್ಣು? ಕನ್ನಡಿಯ ದಯೆಯಿಂದ ನಾನು ಎಷ್ಟೋ ಕೇಳುತ್ತೇನೆ ಅಂದುಕೊಂಡಿದ್ದೆ. ಅದು ಕಣ್ಣು ಮಾಡಿದ ಕೆಲಸ, ಕಿವಿ ಸುಮ್ಮನೆ ಸಂಬಳ ತೆಗೆದುಕೊಳ್ಳುತ್ತಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಚೆನ್ನಾಗಿ ಅತ್ತೆ.

ಆಮೇಲೆ ತಲೆಯ ಸ್ಕ್ಯಾನು. ಸುರುಳಿ ಸರಿಯಾಗಿದೆ, ನರ ಇದೆ, ಆಪರೇಷನ್ ಮಾಡಬಹುದು ಅಂದರು. ಯಂತ್ರವನ್ನು ಹೊಂದಿಸುವ ಕೆಲಸ ಅಲ್ಲಿನ ಆಡಿಯಾಲಜಿಸ್ಟ್ ಹುಡುಗಿಯದು. ವಾದ್ಯಕ್ಕೆ ಶ್ರುತಿ ಮಾಡಿದ ಹಾಗೆ ನನಗೂ ಮಾಡುತ್ತಾಳಂತೆ, ಅದಕ್ಕೆ ಅವಳಿಗೆ ಶ್ರುತಿ ಹುಡುಗಿ ಅಂತ ಹೆಸರಿಟ್ಟಿದ್ದೇನೆ. ಅಕ್ಕನ ವಿಷಯ ಹೇಳಿದೆ. ಹುಡುಗಿ ಮುಖ ಸಪ್ಪೆ ಮಾಡಿ, “ತೊದಲು ಮಾತು ಎಲ್ಲಕ್ಕಿಂತ ಕಷ್ಟ ಆಂಟಿ. ಬೇರೆಯವರದ್ದು ಕೇಳ್ಸಿ ಅವರದ್ದು ಕೇಳ್ಸದೇ ಇರಬಹುದು. ನಾನು ಸುಳ್ಳು ಆಸೆ ಹುಟ್ಟಿಸಲ್ಲ,” ಅಂದಳು.

ಹೊರಗೆ ಬೇಕರಿಯವನೊಬ್ಬ ಕೂತಿದ್ದ, ಇಂಪ್ಲಾಂಟ್ ಹಾಕಿಸಿಕೊಂಡು ಎರಡು ವರ್ಷವಾಗಿದೆಯಂತೆ. ಹೇಗಿದೆ ಅಂತ ಕೇಳಿದೆ. “ಮೊದಲು ನನ್ನ ಹೆಂಡತಿ ಬಾತುಕೋಳಿ ಥರ ಕೇಳಿಸ್ತಿದ್ಲು. ಈಗ ಥೇಟ್ ಹೆಂಡತಿ ಥರಾನೇ ಕೇಳಿಸ್ತಾಳೆ. ಬಾತುಕೋಳೀನೇ ವಾಸಿ ಇತ್ತು,” ಅಂದ. ಪಕ್ಕದಲ್ಲಿದ್ದ ಹೆಂಡತಿ ಅವನ ತೊಡೆಗೊಂದು ಕೊಟ್ಟಳು. ಇಬ್ಬರೂ ನಕ್ಕರು. ನನಗೆ ಹೊಟ್ಟೆಕಿಚ್ಚಾಯಿತು.

ಮಾರ್ಚ್ 24

ಅಕ್ಕನ ಗುಡುಗುಡು ಕೂಡ ಹೋಗಿಬಿಟ್ಟರೆ? ಬಲಗಿವಿಗೇ ಅದು ಸ್ವಲ್ಪ ಚೆನ್ನಾಗಿ ಬೀಳುವುದು, ಎಡಗಿವಿಯಲ್ಲಿ ಅದೂ ಅಷ್ಟಿಲ್ಲ. ಕೈಯಲ್ಲಿರುವ ಮುರುಕು ಕೊಟ್ಟು ಕಾಣದ ಹೊಸದನ್ನು ಕೊಳ್ಳುವ ವ್ಯಾಪಾರ. ಅಕ್ಕ ಇದ್ದಿದ್ದರೆ ಹೇಳುತ್ತಿದ್ದಳು, ಹೂಂ ಅನ್ನು ಅಥವಾ ಬೇಡ ಅನ್ನು.

ಇದ್ದಿದ್ದರೆ ಅಂತ ಬರೆದುಬಿಟ್ಟೆ, ಥೂ. ಇಲ್ಲೇ ಮೇಲೆ ಮಲಗಿದ್ದಾಳೆ.

ಶ್ರುತಿ ಹುಡುಗಿಯನ್ನು ಕೇಳಿದೆ, ಎಡಗಿವಿಗೆ ಮಾಡಿದರಾಗದೇ ಅಂತ. ಡಾಕ್ಟರಮ್ಮ ಎರಡನ್ನೂ ನೋಡಿ, ಎಡಕ್ಕೇ ಮಾಡೋಣ, ಬಲಕ್ಕೆ ಹಳೇ ಮೆಷಿನ್ ಇರಲಿ ಅಂದರಂತೆ. ಒಪ್ಪಿಕೊಂಡೆ. ತೀರ್ಮಾನ ಮಾಡಿದವಳು ನಾನೇ ಅಂತ ಸಂಜೆಯವರೆಗೂ ನನಗೇ ನಂಬಿಕೆ ಬರಲಿಲ್ಲ.

ಏಪ್ರಿಲ್ 8

ನಾಳೆ ಆಪರೇಷನ್. ಇವತ್ತು ಆಸ್ಪತ್ರೆಗೆ ಸೇರಿಕೊಂಡೆ. ಕಿವಿಯ ಹಿಂದೆ ಒಂದಿಷ್ಟು ಕೂದಲು ತೆಗೆಯಬೇಕು ಅಂತ ನರ್ಸಮ್ಮ ಟ್ರಿಮ್ಮರ್ ತಂದಳು. ಹಿಡಿದ ರೀತಿ ನೋಡಬೇಕಿತ್ತು, ಆಲೂಗಡ್ಡೆ ಸಿಪ್ಪೆ ತೆಗೆಯುವ ಹಾಗೆ! ನಾನು ಸುಮ್ಮನಿರಬೇಕು ಅಂದುಕೊಂಡೆ, ಆದರೆ ಹೊಟ್ಟೆಪಾಡಿನ ವಿದ್ಯೆ, ಸುಮ್ಮನಿರಗೊಡುತ್ತದೆಯೇ?

“ಕೊಡಮ್ಮ ಇಲ್ಲಿ,” ಅಂದು ಟ್ರಿಮ್ಮರ್ ಕಿತ್ತುಕೊಂಡು, ಕೈಗನ್ನಡಿ ಅವಳಿಗೆ ಹಿಡಿಸಿ, ನನ್ನ ಕೂದಲು ನಾನೇ ತೆಗೆದೆ. “ಕನ್ನಡಿ ಸ್ವಲ್ಪ ಮೇಲೆ. ಅಷ್ಟಲ್ಲ. ನೆಟ್ಟಗೆ ಹಿಡಿ. ಎಲ್ಲಿ ನೋಡ್ತಿದ್ದೀಯ?” ಅಂಚು ಎಷ್ಟು ನೇರ ಬಂತೆಂದರೆ ಪಕ್ಕದ ಹಾಸಿಗೆಯ ಅಜ್ಜಿ ತನಗೂ ಸ್ವಲ್ಪ ಹಿಂದೆ ಚಿಕ್ಕದು ಮಾಡಿಕೊಡು ಅಂದಳು. ಮಾಡಿಕೊಟ್ಟೆ.

ಟೀಚರಮ್ಮ ಅಕ್ಕನ ಜೊತೆ ಇರುತ್ತಾರೆ. ಹೊರಡುವಾಗ ಅಕ್ಕ ನನ್ನ ಮುಖ ನೋಡಲೇ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದಳು, ಅಷ್ಟು ಕೋಪ.

ಏಪ್ರಿಲ್ 10

ಮುಗಿಯಿತು. ತಲೆ ಸುತ್ತುತ್ತಿದೆ. ನಾಲಿಗೆಗೆ ಎಲ್ಲ ತುಕ್ಕು ರುಚಿ.

ಏಪ್ರಿಲ್ 13

ಮನೆ. ಅಕ್ಕ ನನ್ನ ತಲೆಯ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದಳು, ಆಮೇಲೆ ಬೆನ್ನಿಗೆ ಎಡಗೈಯಲ್ಲಿ ಪಟಪಟ ಬಾರಿಸಿದಳು. ಟೀಚರಮ್ಮ ಹೇಳಿದರು, ಎರಡು ದಿನ ಅನ್ನ ಮುಟ್ಟಲಿಲ್ಲವಂತೆ. ನೋಡಿದಿರಾ ಹಟ? ತನ್ನ ಮಾತು ನಡೆಯಲಿಲ್ಲ ಅಂತ ಉಪವಾಸ!

ಗಾಯ ಒಣಗಿ ಹೊರಗಿನ ಯಂತ್ರ ಹಾಕುವವರೆಗೆ ಎಡಗಿವಿ ಪೂರಾ ಮುಚ್ಚಿದ ಬಾಗಿಲು. ಗಿರಾಕಿಗಳು ಕಾಯುತ್ತಿದ್ದಾರೆ.

ಮೇ 7

ಇವತ್ತು ಯಂತ್ರ ಹಾಕಿದರು. ಶ್ರುತಿ ಹುಡುಗಿ ಕಂಪ್ಯೂಟರಿಗೆ ಸಿಕ್ಕಿಸಿ ಒಂದೊಂದೇ ಬೀಪ್ ಕೊಟ್ಟಳು, ಮೆಲ್ಲಗಾಯಿತೋ ಜೋರಾಯಿತೋ ಅಂತ ಕೇಳುತ್ತ ಹೋದಳು. ಆಮೇಲೆ “ಈಗ ಪೂರ್ತಿ ಹಾಕ್ತೀನಿ ಆಂಟಿ,” ಅಂದಳು.

ಅಬ್ಬಬ್ಬಾ! ಯಾರೋ ತಗಡಿನ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಹುಡುಗಿ ಬಾಯಿ ತೆಗೆದರೆ ಕಿಚಪಿಚ, ಕುರ್ಚಿ ಎಳೆದರೆ ಕಿಚಪಿಚ, ನನ್ನದೇ ದನಿ ಕಿಚಪಿಚ. ಬೇಕರಿಯವನ ಬಾತುಕೋಳಿಯಾದರೂ ಪ್ರಾಣಿ, ಇದು ಯಂತ್ರವೇ.

ಮನೆಗೆ ಬಂದೆ. ಅಕ್ಕ ಕೆಳಗೆ ಪಾರ್ಲರಿನಲ್ಲೇ ಕಾಯುತ್ತಿದ್ದಳು. ಏನೋ ಹೇಳಿದಳು. ಕಿಚಪಿಚ. ಮೊದಲಾದರೆ ಗುಡುಗುಡು ಇತ್ತು, ಅಕ್ಕನ ಗುಡುಗುಡು. ಬಲಗಿವಿಯಲ್ಲಿ ಉಳಿದಿದ್ದ ಅದೂ ಈ ಗದ್ದಲದಲ್ಲಿ ಮುಳುಗಿಹೋಯಿತು. ಇದು ಯಾರದೂ ಅಲ್ಲ.

ಮೇಲೆ ಹೋಗಿ ಮುಖ ತೊಳೆದುಕೊಂಡೆ. ತೊಳೆಯಲು ಬಹಳ ಹೊತ್ತು ಹಿಡಿಯಿತು.

ಮೇ 25

ಹುಡುಗಿ ಹೇಳಿದ್ದಾಳೆ, ಎದ್ದಾಗಿನಿಂದ ಮಲಗುವವರೆಗೆ ಹಾಕಿಕೊಂಡೇ ಇರಬೇಕು, ದಿನವೂ ಅಭ್ಯಾಸ ಮಾಡಬೇಕು. ಟೀಚರಮ್ಮನೇ ಅಭ್ಯಾಸದ ಮೇಷ್ಟರು. ಕನ್ನಡಿಗೆ ಟವೆಲು ಹೊದಿಸಿ, ತಮ್ಮ ಬಾಯಿಗೆ ಪುಸ್ತಕ ಅಡ್ಡ ಹಿಡಿದು ಓದುತ್ತಾರೆ. ನಾನು ಹೇಳಬೇಕು. ತಪ್ಪಿದರೆ ಮತ್ತೆ. ನಲವತ್ತು ವರ್ಷ ಮಕ್ಕಳನ್ನು ಗೋಳು ಹೊಯ್ದುಕೊಂಡದ್ದು ಸಾಲದೆ ಈಗ ನನ್ನನ್ನು ಹಿಡಿದಿದ್ದಾರೆ.

ಪಾರ್ಲರಿನಲ್ಲಿ ಹೊಸ ಫಜೀತಿ. ಇವತ್ತು ಬಗ್ಗಿದಾಗ ತಲೆಯ ಗುಂಡಿ ಜಾರಿ ಒಬ್ಬಾಕೆಯ ಕೂದಲಿನ ಪಿನ್ನಿಗೆ ಹೋಗಿ ಕಚ್ಚಿಕೊಂಡಿತು. ನಾನು ಆಕೆ ಇಬ್ಬರೂ ಒಂದೇ ತಂತಿಗೆ ಸಿಕ್ಕಿಕೊಂಡು ನಿಂತೆವು. ಆಕೆ, “ಈಗ ನಾನು ಮನಸ್ಸಲ್ಲಿ ಅಂದ್ಕೊಂಡಿದ್ದೂ ಕೇಳ್ಸತ್ತಾ?” ಅಂತ ಗಾಬರಿಯಾದಳು. “ಕೇಳ್ಸತ್ತೆ, ಅದಕ್ಕೇ ಸುಮ್ನೆ ಕೂತ್ಕೊಳ್ಳಿ,” ಅಂದೆ. ಪೂರ್ತಿ ಹೇರ್‌ಕಟ್ಟು ಮುಗಿಯುವವರೆಗೆ ತುಟಿಪಿಟಕ್ ಅನ್ನಲಿಲ್ಲ.

ಮೂಲೆಯ ಕುರ್ಚಿಯಿಂದ ಅಕ್ಕ ನಕ್ಕಳು. ನಗು ಮಾತ್ರ ನನಗೆ ಕೇಳಿಸಿತು, ಸರಿಯಾಗಿ.

ಜೂನ್ 14

ಹೇರ್ ಡ್ರೈಯರಿನ ಸದ್ದಿನಲ್ಲಿ ಇನ್ನೂ ಏನೂ ತಿಳಿಯುವುದಿಲ್ಲ. ಅದು ನಿಂತರೆ ತಿಳಿಯುತ್ತದೆ. ಟೀಚರಮ್ಮ ಬೆನ್ನ ಹಿಂದೆ ನಿಂತು “ಬಣ್ಣ ಸ್ವಲ್ಪ ಕಮ್ಮಿ ಕಪ್ಪಿರಲಿ,” ಅಂದಾಗ, “ಇನ್ನೂ ಎಷ್ಟು ಕಮ್ಮಿ? ಎಲ್ಲರಿಗೂ ಗೊತ್ತಾಗ್ಲಿ ಅಂತಾನಾ?” ಅಂದೆ. ಆಮೇಲೆ ಇಬ್ಬರೂ ಒಟ್ಟಿಗೇ ಕನ್ನಡಿಯ ಕಡೆ ತಿರುಗಿದೆವು. ಕನ್ನಡಿಯ ಮೇಲೆ ಟವೆಲಿತ್ತು.

ಶ್ಯಾಂಪೂ ಕಂಪನಿಯವನು ಮತ್ತೆ ಬಂದ. ದೊಡ್ಡದು ನಾಲ್ಕು ಇಟ್ಟು ಹೋಗು, ನಡುವೆ ತರಿಸಿದ್ದು ನೊರೆಯೇ ಬರಲಿಲ್ಲ, ಅದನ್ನು ವಾಪಸು ತೆಗೆದುಕೊಂಡು ಹೋಗು ಅಂದೆ. ಗೊಣಗಿದ. ಬಣ್ಣದ ಡಬ್ಬಗಳನ್ನೂ ಎತ್ತರದ ಕಪಾಟಿಗೆ ಬದಲಾಯಿಸಿದೆ, ಅಲ್ಲೇ ಸರಿ. ಅಕ್ಕನಿಗೆ ಹೇಳುವುದು ಮರೆತೇಹೋಯಿತು.

ಸಂಜೆ ಬಾಚುವಾಗ ಅಕ್ಕ ಮಾತಾಡುತ್ತಲೇ ಇದ್ದಳು. ಅಲ್ಲೊಂದು ಇಲ್ಲೊಂದು ತುಣುಕು ಸಿಕ್ಕ ಹಾಗಾಗಿ ಜಾರಿಹೋಯಿತು. ‘ನೀನು’ ಅನ್ನುವುದು ತುಂಬ ಸಲ ಬಂತು. ಸಹಜ. ಬೈಗುಳದಲ್ಲಿ ಇನ್ಯಾರು ಬರಬೇಕು?

ಜುಲೈ 3

ಇವತ್ತು ಮೆಟ್ಟಿಲ ಮೇಲೆ ನನ್ನ ಬೆನ್ನಿಗೆ ಬಿದ್ದದ್ದು: “ಟೀ ತಣ್ಣಗಾಯ್ತು, ಯಾರು ಕುಡೀತಾರೆ ಇದನ್ನ?”

ತೊದಲು, ಸೊಟ್ಟ, ಸ್ವಲ್ಪ ತಗಡು. ಆದರೆ ಅಕ್ಕ! ಅಕ್ಕನೇ! ನಾನು ಮೆಟ್ಟಿಲು ಇಳಿಯುತ್ತಿದ್ದವಳು ಅಲ್ಲೇ ಕುಳಿತುಬಿಟ್ಟೆ. “ಬಿಸಿ ಮಾಡ್ಕೊಡ್ತೀನಿ ಇರೇ, ಏನು ಅವಸರ?” ಅಂದೆ.

ಹತ್ತಿ ಹೋಗಿ ನೋಡಿದರೆ ಅಕ್ಕ ಬಾಯಿಗೆ ಎಡಗೈ ಅಡ್ಡ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಇಬ್ಬರೂ ಅತ್ತೆವು. ಟೀ ಇನ್ನಷ್ಟು ತಣ್ಣಗಾಯಿತು.

ಇವತ್ತು ನನ್ನಷ್ಟು ಸುಖಿ ಯಾರಿದ್ದಾರೆ?

ಜುಲೈ 16

ಎಲ್ಲ ಸರಿ, ಆದರೆ ಒಂದು ವಿಷಯ. ಸಂಜೆ ಬಾಚಲು ಕೂರಿಸಿದರೆ ಅಕ್ಕ ಮಾತಾಡುತ್ತಿಲ್ಲ. “ಎಳೀಬೇಡ.” “ಸಾಕು.” “ಬಾಗಿಲು ಹಾಕಿದ್ಯಾ?” ಇಷ್ಟೇ. ಹಗಲು ಕಪಾಟು ಯಾಕೆ ಬದಲಾಯಿಸಿದೆ ಅಂತ ಜಗಳವಾಡುತ್ತಾಳೆ, ಅದು ಧಾರಾಳವಾಗಿ ಬರುತ್ತದೆ. ಬಾಚಣಿಗೆ ಹಿಡಿದರೆ ಮಾತ್ರ ಬಾಯಿಗೆ ಬೀಗ. ಅಷ್ಟು ದಿನ ಹೊಳೆಯ ಹಾಗೆ ಹರಿಯುತ್ತಿದ್ದ ಮಾತು ಎಲ್ಲಿ ಹೋಯಿತು?

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ತಲೆಗೆ ತೂತು ಹೊಡೆಸಿಕೊಂಡದ್ದು ಯಾರ ಮಾತು ಕೇಳಲು? “ಬಾಗಿಲು ಹಾಕಿದ್ಯಾ” ಅನ್ನುವುದನ್ನೇ?

“ಆಗೆಲ್ಲ ಏನು ಹೇಳ್ತಿದ್ದೆ?” ಅಂತ ಕೇಳಿದೆ.

“ಏನೋ. ನೆನಪಿಲ್ಲ,” ಅಂದಳು. ಸುಳ್ಳು ಹೇಳುವಾಗ ಅವಳು ಮೂಗು ಉಜ್ಜಿಕೊಳ್ಳುತ್ತಾಳೆ. ಎಡಗೈಯಲ್ಲೂ ಉಜ್ಜಿಕೊಂಡಳು.

ಟೀಚರಮ್ಮನ ಹತ್ತಿರ ಗೋಳು ತೋಡಿಕೊಂಡೆ. “ಕೇಳೋರಿಲ್ಲದಾಗ ಹೇಳೋದು ಸುಲಭ,” ಅಂದರು. “ಈಗ ಕೇಳೋರು ಬಂದ್ರಲ್ಲ, ನಾಚಿಕೆ.”

ಅಕ್ಕನಿಗೆ ನಾಚಿಕೆ! ಬಿಸಿಲಿಗೆ ಚಳಿ ಅಂದ ಹಾಗೆ.

ಜುಲೈ 22

ಒಂದು ಉಪಾಯ ಹೊಳೆದಿದೆ. ಸ್ವಲ್ಪ ಕಳ್ಳತನದ್ದು. ಕಿವಿಯ ಹಿಂದೆ ತೆಗೆದಿದ್ದ ಕಡೆ ಕೂದಲು ಇನ್ನೂ ಗಿಡ್ಡ, ಆದರೆ ಮೇಲಿನ ಕೂದಲು ಬಿಟ್ಟುಕೊಂಡರೆ ಯಂತ್ರ ಗುಂಡಿ ಎಲ್ಲ ಮುಚ್ಚಿಹೋಗುತ್ತದೆ. ಕೂದಲು ಹೇಗೆ ಬಿಟ್ಟರೆ ಏನು ಮುಚ್ಚುತ್ತದೆ ಅನ್ನುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಯಂತ್ರ ಇಡುವ ಡಬ್ಬವನ್ನು ಅಕ್ಕನ ಕಣ್ಣೆದುರಿಗೇ ತೆರೆದು, ಇಟ್ಟ ಹಾಗೆ ಮಾಡಿ, ಮುಚ್ಚಿ, ಕಪಾಟಿನಲ್ಲಿಡಬೇಕು. “ಬ್ಯಾಟರಿ ಮುಗೀತು, ಇವತ್ತಿಗೆ ನಾನು ಕಿವುಡಿ,” ಅನ್ನಬೇಕು.

ತಪ್ಪು ಅಂತ ಗೊತ್ತು. ಆದರೆ ನನಗಲ್ಲದೆ ಇನ್ಯಾರಿಗೆ ಹೇಳಿದ ಮಾತು ಅದು? ನನ್ನದನ್ನು ನಾನು ಕೇಳಿದರೆ ಕಳ್ಳತನ ಹೇಗಾಯಿತು?

ಜುಲೈ 27

ಮಾಡಿದೆ. ಡಬ್ಬ ತೆರೆದೆ, ಮುಚ್ಚಿದೆ, ಕಪಾಟಿನಲ್ಲಿಟ್ಟೆ. ಬ್ಯಾಟರಿಯ ಕಥೆ ಹೇಳಿದೆ. ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿ ತಲೆಯಾಡಿಸಿದಳು. ನಾನು ಬಾಚತೊಡಗಿದೆ. ಹೊರಗೆ ಯಾರದೋ ಸೈಕಲ್ಲು ಹೋಯಿತು, ಬೆಲ್ಲು ಕೇಳಿಸಿತು. ಕುತ್ತಿಗೆಯ ಹತ್ತಿರ ಒಂದು ಸಿಕ್ಕಿತ್ತು, ಅದನ್ನೇ ಬಿಡಿಸುತ್ತಿದ್ದೆ, ಕನ್ನಡಿ ನೋಡುತ್ತಿರಲಿಲ್ಲ.

ಅಕ್ಕ ಶುರು ಮಾಡಿದಳು.

“ಹಾಕ್ಕೊಂಡೇ ಇದ್ದೀಯ ಅಂತ ಗೊತ್ತು ಕಣೇ. ಸೈಕಲ್ ಹೋದಾಗ ಬಾಗಿಲ ಕಡೆ ತಿರುಗಿದೆಯಲ್ಲ. ಕಳ್ಳಿ.”

ನನ್ನ ಕೈ ನಿಂತುಹೋಯಿತು. ಮುಖ ಎತ್ತಲು ಧೈರ್ಯ ಬರಲಿಲ್ಲ.

“ಪರವಾಗಿಲ್ಲ, ಬಾಚು. ನಿನಗೆ ಕೇಳ್ಸತ್ತೆ ಅಂತ ಗೊತ್ತಿದ್ದೇ ಹೇಳ್ತೀನಿ. ನಂಗೆ ತುಂಬಾ ಭಯ ಆಗತ್ತೆ ಕಣೇ. ಆಸ್ಪತ್ರೇಲಿ ಮಲಗಿದ್ದಾಗಿಂದ. ಈ ಕೈ ಇನ್ನು ಮೇಲೆ ಏಳಲ್ಲ. ನಾನು ಯಾವ ಕೆಲಸಕ್ಕೂ ಬರಲ್ಲ. ನಿನ್ನ ಕೂಗಿದ್ರೆ ನಿನಗೆ ಕೇಳ್ಸಲ್ಲ, ಬಾಯಾಡಿಸಿದ್ರೆ ತಿಳಿಯಲ್ಲ. ಬಿದ್ದು ಸತ್ರೂ ನೀನು ಕೆಳಗೆ ಕತ್ತರಿ ಆಡಿಸ್ತಾ ಇರ್ತೀಯ ಅಂತ ಅನ್ನಿಸೋದು. ಆಮೇಲೆ ಆಪರೇಷನ್ ಅಂದೆ. ಇವಳೂ ಎದ್ದು ಬರ್ದೇ ಇದ್ರೆ ಏನು ಗತಿ ಅಂತ ನಾನು ಬೇಡ ಬೇಡ ಅಂತಿದ್ರೆ, ನೀನು ಮೂತಿ ಊದಿಸ್ಕೊಂಡು ಹೋದೆ.”

ಉಸಿರು ತೆಗೆದುಕೊಂಡಳು. ತೊದಲುವುದು ಜಾಸ್ತಿಯಾಗಿತ್ತು, ಆದರೂ ಒಂದು ಮಾತೂ ಜಾರಲಿಲ್ಲ.

“ದಿನಾ ಇಲ್ಲಿ ಕೂತು ಅದನ್ನೇ ಹೇಳ್ತಿದ್ದೆ. ನಿನ್ನ ಬಿಟ್ರೆ ನಂಗೆ ಯಾರೂ ಇಲ್ಲ, ನನ್ನ ಕೈ ಬಿಡಬೇಡ ಅಂತ. ಬಾಯಿ ಬಿಟ್ಟು ಕೇಳೋಕೆ ಈ ಅಕ್ಕನಿಗೆ ಸೊಕ್ಕು. ನಿನಗೆ ಕೇಳ್ಸಲ್ಲ ಅಂತಾನೇ ಕೇಳ್ದೆ. ಈಗ ಕೇಳ್ಸೋ ಹಾಗೆ ಕೇಳ್ತಿದ್ದೀನಿ. ಬಿಡಲ್ಲ ತಾನೇ?”

ಇಷ್ಟು ತಿಂಗಳು ನಾನು ಬೈಗುಳ ಅಂದುಕೊಂಡದ್ದು ಇದು. ಬಾಚಣಿಗೆ ಬದಿಗಿಟ್ಟೆ. ಕುರ್ಚಿಯ ಮುಂದೆ ಬಂದು, ಕನ್ನಡಿಗೆ ಬೆನ್ನು ಹಾಕಿ, ಅವಳ ಮಂಡಿಯ ಹತ್ತಿರ ಕುಳಿತೆ. ಸತ್ತ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆ ಕೈಗೆ ಮುಖ ಒತ್ತಿಕೊಂಡೆ. ಏನೋ ಅಂದೆ.

ಅಕ್ಕ ಬಗ್ಗಿ ಕಿವಿ ಹತ್ತಿರ ತಂದಳು. “ಏನಂದೆ? ಕೇಳ್ಸಲಿಲ್ಲ.”

“ಬಿಡಲ್ಲ ಕಣೇ,” ಅಂತ ಜೋರಾಗಿ ಹೇಳಿದೆ.